ಜೀರ್ಣೋದ್ಧಾರವೆಂಬ ಅವಸರ

ಮುಂಬಯಿಯ ವಸತಿ ಸಂಕೀರ್ಣಗಳಲ್ಲಿ ಮನೆ ಬದಲಿಸುವ ಹಂಗಾಮು ಬಂತೆಂದರೆ ಕೆಲವು ವಸ್ತುಗಳು ತಪ್ಪದೆ ಮಾರಾಟಕ್ಕೆ ಬರುತ್ತವೆ: ವ್ಯಾಯಾಮದ ಸೈಕಲ್ಲು, ಮಗುವಿನ ತೊಟ್ಟಿಲು, ಯಾರೂ ನುಡಿಸದ ಕೀಬೋರ್ಡು, ಮತ್ತು ಅಕ್ವೇರಿಯಂ. ಮೊದಲ ಮೂರಕ್ಕೆ ಧೂಳು ಹಿಡಿದಿದ್ದರೆ ಒರೆಸಿದರಾಯಿತು. ನಾಲ್ಕನೆಯದರೊಳಗೆ ಜೀವಗಳಿರುತ್ತವೆ. ಆದರೂ ಜಾಹೀರಾತಿನ ಒಕ್ಕಣೆ ಸಾಮಾನ್ಯವಾಗಿ ಒಂದೇ: ಮೂರಡಿಯ ಗಾಜಿನ ತೊಟ್ಟಿ, ಸ್ಟ್ಯಾಂಡು, ಪಂಪು, ದೀಪ ಎಲ್ಲ ಸೇರಿ ಇಷ್ಟು ಬೆಲೆ, ಮೀನುಗಳು ಉಚಿತ. ಗಾಜಿಗೆ ಬೆಲೆಯುಂಟು, ಮರಕ್ಕೆ ಬೆಲೆಯುಂಟು, ಉಸಿರಾಡುತ್ತಿರುವುದು ಮಾತ್ರ ಕೊಸರು.

ಇಂಥ ತೊಟ್ಟಿ ಕಡಲ ನೀರಿನದಾಗಿದ್ದರೆ ಈ ಅನ್ಯಾಯ ಇನ್ನೂ ದೊಡ್ಡದು. ಸಿಹಿನೀರಿನ ಅಲಂಕಾರದ ಮೀನುಗಳು ಹೆಚ್ಚಾಗಿ ಸಾಕಣೆ ಕೊಳಗಳಲ್ಲಿ ಹುಟ್ಟಿದವು. ಕಡಲ ಮೀನುಗಳಲ್ಲಿ ಬಹುಪಾಲು ಇಂದಿಗೂ ಹವಳದ ದಂಡೆಗಳಿಂದ ಹಿಡಿದು ತಂದವು. ಅವು ಯಾವುದೋ ಅಪರಿಚಿತ ಲೋಕದವಲ್ಲ. ಮನ್ನಾರ್ ಕೊಲ್ಲಿಯಲ್ಲಿ, ಲಕ್ಷದ್ವೀಪದಲ್ಲಿ, ನಮ್ಮ ಮುರ್ಡೇಶ್ವರದಾಚೆಯ ನೇತ್ರಾಣಿಯ ಸುತ್ತಮುತ್ತ ಹವಳವುಂಟು, ಹವಳದ ಮೀನುಗಳುಂಟು. ಕಡಲಿನಿಂದ ಎತ್ತಿ ತಂದದ್ದನ್ನು ನಡುಮನೆಯಲ್ಲಿ ಮೂರು ವರ್ಷ ಇಟ್ಟು, ವರ್ಗದ ಆದೇಶ ಬಂದೊಡನೆ ಉಚಿತವೆಂದು ಬರೆದು ಕೈ ತೊಳೆದುಕೊಳ್ಳುವುದು ನಮ್ಮ ನಗರದ ನಾಗರಿಕತೆ.

ಹೀಗೆ ಕೈಬಿಟ್ಟ ತೊಟ್ಟಿಯನ್ನು ಕೊಂಡು ತಂದ ಹೊಸಬನಿಗೆ ಮೂರು ಕಡೆಯಿಂದ ಮೂರು ಸಲಹೆಗಳು ಬರುತ್ತವೆ. ಅಂಗಡಿಯವರು ಹೇಳುತ್ತಾರೆ: ಎಲ್ಲ ಚೆಲ್ಲಿ, ತಿಕ್ಕಿ ತೊಳೆದು, ಹೊಸದಾಗಿ ಶುರುಮಾಡಿ. ವ್ಯವಹಾರ ಬಲ್ಲ ನೆಂಟರು ಹೇಳುತ್ತಾರೆ: ಗುಜರಿ ತಂದಿದ್ದೀರಿ, ಗಾಜು ಇಟ್ಟುಕೊಂಡು ಉಳಿದದ್ದನ್ನು ಎಸೆಯಿರಿ. ದಯಾಳುಗಳು ಹೇಳುತ್ತಾರೆ: ಪಾಪ, ಜುಹುವಿಗೋ ವರ್ಸೋವಾಕ್ಕೋ ಹೋಗಿ ಸಮುದ್ರಕ್ಕೆ ಬಿಟ್ಟುಬಿಡಿ. ಮೂವರೂ ಬೇರೆ ಬೇರೆ ಭಾಷೆ ಆಡಿದರೂ ಹೇಳುತ್ತಿರುವುದು ಒಂದೇ, ಈ ತೊಡಕಿನಿಂದ ಬೇಗ ಪಾರಾಗಿ ಎಂದು. ನಾನು ಈ ಮೂರನ್ನೂ ವಿರೋಧಿಸುತ್ತೇನೆ. ಕಡಲ ನೀರಿನ ತೊಟ್ಟಿ ಸಾಕಬೇಕೆಂಬ ಆಸೆ ಯಾರಿಗಾದರೂ ಇದ್ದರೆ ಅವರು ಹೊಸದನ್ನು ಕೊಳ್ಳದೆ, ಬೇರೆಯವರು ಕೈಬಿಟ್ಟದ್ದನ್ನು ಅದರ ಜೀವಗಳ ಸಮೇತ ವಹಿಸಿಕೊಳ್ಳಬೇಕು. ಮೊದಲ ಒಂದು ವರ್ಷ ಅದಕ್ಕೆ ಒಂದೇ ಒಂದು ಹೊಸ ಮೀನನ್ನೂ ಸೇರಿಸಕೂಡದು. ಮತ್ತು ಅದನ್ನು ಸರಿಪಡಿಸುವ ಕೆಲಸವನ್ನು ತೊಟ್ಟಿ ತಾಳಿಕೊಳ್ಳುವ ವೇಗದಲ್ಲಿ ಮಾಡಬೇಕು, ನಮ್ಮ ಉತ್ಸಾಹದ ವೇಗದಲ್ಲಿ ಅಲ್ಲ. ಇದು ನನ್ನ ವಾದ. ಇದನ್ನು ನಾನು ಕಲಿತದ್ದು ಒಂದು ಜೀವವನ್ನು ಕೊಂದು.

ಎರಡು ವರ್ಷಗಳ ಹಿಂದೆ ಠಾಣೆಯಲ್ಲಿ ನಮ್ಮದೇ ಕಟ್ಟಡದ ಐದನೆಯ ಮಹಡಿಯ ಕುಟುಂಬವೊಂದು ಊರು ಬಿಟ್ಟು ಹೊರಟಿತು. ಅವರ ತೊಟ್ಟಿಯಲ್ಲಿ ಸುಮಾರು 150 ಲೀಟರು ನೀರು. ಗಾಜಿನ ಮೂರು ಬದಿಗಳಲ್ಲಿ ಕಂದುಬಣ್ಣದ ಪದರ. ಕಲ್ಲುಗಳ ಮೇಲೆ ಕೂದಲಿನಂಥ ಹಸಿರು ಪಾಚಿ. ಮರಳಿನ ಮೇಲೆ ಕೆಂಪು ಲೋಳೆ. ಒಳಗೆ ಎರಡು ಕ್ಲೌನ್ ಮೀನು, ಒಂದು ನೀಲಿ ಡ್ಯಾಮ್ಸೆಲ್, ಬಿಳಿ ಕೆಂಪು ಪಟ್ಟೆಯ ಒಂದು ಸಿಗಡಿ. ಬೇರೆ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿಂದು ಬದುಕುವ ಜಾತಿ ಅದು. ಮನೆಯವರು ಕ್ರೂರಿಗಳಾಗಿರಲಿಲ್ಲ. ದಿನವೂ ಆಹಾರ ಹಾಕಿದ್ದರು. ನೀರು ಇಳಿದಾಗಲೆಲ್ಲ ತಪ್ಪದೆ ಉಪ್ಪುನೀರು ಕಲಸಿ ತುಂಬಿದ್ದರು. ಅವರ ತಪ್ಪು ಆ ಶ್ರದ್ಧೆಯಲ್ಲೇ ಇತ್ತು.

ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಹೋಗುವುದಿಲ್ಲ. ಇಳಿದಷ್ಟನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ಉಪ್ಪುನೀರಿನಿಂದ ತುಂಬುತ್ತ ಹೋದರೆ ತಿಂಗಳಿಂದ ತಿಂಗಳಿಗೆ ತೊಟ್ಟಿ ಉಪ್ಪಿನ ಆಗರವಾಗುತ್ತದೆ. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಬಿಸಿಲು ಮಾಡುವ ಕೆಲಸವನ್ನೇ ಇಲ್ಲಿ ಫ್ಯಾನು ಮತ್ತು ದೀಪ ಮಾಡುತ್ತವೆ. ಆಗರಗಳನ್ನು ನೋಡುತ್ತಲೇ ಬೆಳೆದ ಕರಾವಳಿಯವನು ನಾನು; ಭಾಂಡುಪ್, ಮುಲುಂಡ್‌ಗಳ ಆಗರಗಳನ್ನು ಹೆದ್ದಾರಿಯಿಂದ ಈಗಲೂ ದಿನವೂ ನೋಡುವವನು. ಉಪ್ಪುನೀರಿನ ಬಗ್ಗೆ ನನಗೆ ಯಾರು ಪಾಠ ಹೇಳಬೇಕು ಎಂಬ ಜಂಭವಿತ್ತು.

ತೊಟ್ಟಿಯನ್ನು ನಮ್ಮ ಮನೆಗೆ ಇಳಿಸಿದ ಸಂಜೆ ಹೈಡ್ರೋಮೀಟರ್ ಹಾಕಿ ನೋಡಿದೆ. ಕಡಲ ನೀರಿನ ವಿಶಿಷ್ಟ ಗುರುತ್ವ 1.025ರ ಆಸುಪಾಸು ಇರಬೇಕು, ಅಲ್ಲಿ 1.032 ತೋರಿಸಿತು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರಬೇಕಾದಲ್ಲಿ 40 ದಾಟಿತ್ತು. ತಪ್ಪು ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಮೂವತ್ತು ಲೀಟರು ನೀರು ತೆಗೆದು, ಅಷ್ಟೇ ಶುದ್ಧೀಕರಿಸಿದ ಸಿಹಿನೀರು ಸುರಿದೆ. ಎರಡು ಗಂಟೆಯೊಳಗೆ ಸಂಖ್ಯೆ ಸರಿಹೋಯಿತು. ಪುಸ್ತಕದಲ್ಲಿ ಇರುವಂತೆಯೇ 1.025. ತೃಪ್ತಿಯಿಂದ ಮಲಗಿದೆ.

ಬೆಳಿಗ್ಗೆ ಕಲ್ಲಿನ ಬುಡದಲ್ಲಿ ಸಿಗಡಿಯ ಬಿಳಿಚಿದ ಮೈ ಕಂಡಿತು. ಸಿಗಡಿಗಳು ಆಗಾಗ ಹೊರಮೈಯನ್ನು ಪೊರೆಯಂತೆ ಕಳಚುತ್ತವೆ. ಅದು ಪೊರೆಯಿರಬೇಕೆಂದು ಅರ್ಧ ಗಂಟೆ ನಂಬಿದ್ದೆ, ಮನೆಯವರಿಗೂ ಹಾಗೆಯೇ ಹೇಳಿದೆ. ಅದು ಪೊರೆಯಾಗಿರಲಿಲ್ಲ.

ಕಾರಣ ಆಮೇಲೆ ಓದಿ ತಿಳಿದದ್ದು. ಕಡಲ ಮೀನಿನ ದೇಹದ ದ್ರವ ಸಮುದ್ರಕ್ಕಿಂತ ಬಹಳ ಕಡಿಮೆ ಉಪ್ಪಿನದು; ಮೂರನೆಯ ಒಂದು ಭಾಗದಷ್ಟು. ಅದು ಸದಾ ನೀರು ಕುಡಿಯುತ್ತ, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತ ತನ್ನ ಸಮತೋಲವನ್ನು ತಾನೇ ಕಾಯ್ದುಕೊಳ್ಳುತ್ತದೆ. ಹವಳದ ದಂಡೆಯ ಸಿಗಡಿಗೆ ಆ ಶಕ್ತಿ ಬಹಳ ಕಡಿಮೆ. ಸುತ್ತಲಿನ ನೀರು ಹಠಾತ್ತಾಗಿ ಬದಲಾದರೆ ಅದರ ಜೀವಕೋಶಗಳೊಳಗೆ ನೀರು ನುಗ್ಗುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ಏರಿದ ಉಪ್ಪಿಗೆ ಅದು ಹೇಗೋ ಹೊಂದಿಕೊಂಡಿತ್ತು. ಹಳೆಯ ಒಡೆಯರ ಅಲಕ್ಷ್ಯವನ್ನು ತಾಳಿಕೊಂಡು ಬದುಕಿದ್ದ ಪ್ರಾಣಿ ನನ್ನ ಒಂದು ರಾತ್ರಿಯ ಕಾಳಜಿಯನ್ನು ತಾಳಿಕೊಳ್ಳಲಿಲ್ಲ. ದಿನಕ್ಕೆ 0.001ರಂತೆ ಇಳಿಸಿದ್ದರೆ ಒಂದು ವಾರ ಹಿಡಿಯುತ್ತಿತ್ತು, ಅಷ್ಟೇ.

ಈ ಕಥೆಯನ್ನು ಕೇಳಿದವರು, ನಿಮಗೆ ಅನುಭವವಿರಲಿಲ್ಲ, ಅದಕ್ಕೇ ಹಳೆಯ ತೊಟ್ಟಿ ಹೊಸಬರಿಗಲ್ಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅನುಭವದ ಕೊರತೆಯಿಂದ ಸಿಗಡಿ ಸಾಯಲಿಲ್ಲ. ಏನೂ ತಿಳಿಯದವನು ನೀರನ್ನು ಮುಟ್ಟದೆ ಬಿಟ್ಟಿದ್ದರೆ ಅದು ಅಂದು ಬದುಕಿರುತ್ತಿತ್ತು. ಅದು ಸತ್ತದ್ದು, ಕೆಟ್ಟದ್ದನ್ನು ಕಂಡ ಕೂಡಲೇ ಸರಿಪಡಿಸಿಬಿಡಬೇಕೆಂಬ ನನ್ನ ಆತುರದಿಂದ. ಈ ಆತುರ ಹೊಸ ತೊಟ್ಟಿ ಕೊಂಡವನಲ್ಲಿಯೂ ಇರುತ್ತದೆ. ಅಲ್ಲಿ ಅದು ಇನ್ನೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಳ್ಳುತ್ತದೆ.

ಹೊಸ ತೊಟ್ಟಿಯಲ್ಲಿ ಏನಾಗುತ್ತದೆ? ಮೀನಿನ ಮಲ ಮೂತ್ರಗಳಿಂದ, ಕೊಳೆತ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಅಪಾಯವಲ್ಲದ ನೈಟ್ರೇಟ್ ಮಾಡುತ್ತವೆ. ಈ ಸಂಸಾರ ನೆಲೆಗೊಳ್ಳಲು ವಾರಗಳು ಬೇಕು. ಹೊಳೆಯುವ ಹೊಸ ತೊಟ್ಟಿಯಲ್ಲಿ ಅದು ಇರುವುದಿಲ್ಲ. ಅಲ್ಲಿ ನೀರು ತಿಳಿಯಾಗಿರುತ್ತದೆ, ಮರಳು ಬೆಳ್ಳಗಿರುತ್ತದೆ, ಮೀನು ನಾಲ್ಕನೆಯ ದಿನ ಮೇಲಕ್ಕೆ ಬಂದು ಬಾಯಿ ಬಿಡುತ್ತದೆ. ಪಾಚಿ ಹಿಡಿದ ಹಳೆಯ ತೊಟ್ಟಿಯ ಕಲ್ಲುಗಳಲ್ಲಿ ಆ ಬ್ಯಾಕ್ಟೀರಿಯಾ ಸಂಸಾರ ವರ್ಷಗಳಿಂದ ನೆಲೆಯೂರಿರುತ್ತದೆ. ಅದು ಇರುವುದು ನೀರಿನಲ್ಲಿ ಕಡಿಮೆ, ಕಲ್ಲಿನ ರಂಧ್ರಗಳಲ್ಲಿ ಮತ್ತು ಮರಳಿನ ಮೇಲ್ಮೈಯಲ್ಲಿ ಹೆಚ್ಚು. ಎಲ್ಲವನ್ನೂ ನಲ್ಲಿಯಡಿ ಹಿಡಿದು ತಿಕ್ಕಿ ತೊಳೆಯಿರಿ ಎಂಬ ಸಲಹೆಯ ಅರ್ಥ, ಪುರಸಭೆಯ ಕ್ಲೋರಿನ್ ನೀರಿನಿಂದ ಆ ಸಂಸಾರವನ್ನು ಕೊಂದು, ಆಮೇಲೆ ಅದನ್ನೇ ಸೀಸೆಯಲ್ಲಿ ಕೊಂಡುಕೊಳ್ಳಿ ಎಂದು. ಆ ಸೀಸೆಯೂ ಅದೇ ಅಂಗಡಿಯಲ್ಲಿ ಸಿಗುತ್ತದೆ.

ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಒಂದು ಘನವಾದ ಶಬ್ದವಿದೆ: ಜೀರ್ಣೋದ್ಧಾರ. ಸವೆದುಹೋದದ್ದನ್ನು ಎತ್ತಿ ನಿಲ್ಲಿಸುವುದು ಎಂದು ಅದರ ಅರ್ಥ. ಮುಂಬಯಿಯಲ್ಲಿರುವ ನಮಗೆ ಈ ಶಬ್ದ ಚೆನ್ನಾಗಿ ಪರಿಚಿತ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಇಲ್ಲಿ ಸಮಿತಿ ರಚಿಸಿ, ರಸೀದಿ ಪುಸ್ತಕ ಹಿಡಿದು ಮನೆ ಮನೆ ಸುತ್ತಿದವರಲ್ಲಿ ನಾನೂ ಒಬ್ಬ. ಬ್ರಹ್ಮಕಲಶಕ್ಕೆ ಹೋದಾಗ ಕಂಡದ್ದೇನು? ಮುರಕಲ್ಲಿನ ಗೋಡೆಯಿಲ್ಲ, ಹಂಚಿನ ಮಾಡಿಲ್ಲ, ಕೆತ್ತನೆಯ ಮರದ ಕಂಬಗಳು ಹಿತ್ತಿಲಲ್ಲಿ ಮಳೆಗೆ ಬಿದ್ದಿವೆ. ನಿಂತಿರುವುದು ಗ್ರಾನೈಟು, ಟೈಲ್ಸು, ಕಾಂಕ್ರೀಟು. ಜೀರ್ಣವಾದದ್ದು ಉದ್ಧಾರವಾಗಲಿಲ್ಲ, ಜಾಗ ಖಾಲಿಮಾಡಿತು. ಎಲ್ಲೆಡೆಯೂ ಹೀಗಾಗಿದೆಯೆಂದಲ್ಲ, ಆದರೆ ಹೀಗಾದದ್ದನ್ನು ಕಂಡು ನಾವು ಹೆಮ್ಮೆಪಟ್ಟಿದ್ದೇವೆ ಎಂಬುದು ಸುಳ್ಳಲ್ಲ. ಕಲ್ಲಿನ ವಿಷಯದಲ್ಲಿ ಈ ತಪ್ಪು ಕೂಡಲೇ ತಿಳಿಯುವುದಿಲ್ಲ, ಏಕೆಂದರೆ ಕಂಬ ಸಾಯುವುದಿಲ್ಲ. ತೊಟ್ಟಿಯ ವಿಷಯದಲ್ಲಿ ಬೆಳಿಗ್ಗೆಯೇ ತಿಳಿಯುತ್ತದೆ. ಈ ಕಾರಣಕ್ಕಾಗಿಯೇ ಅದು ಒಳ್ಳೆಯ ಗುರು ಎನ್ನುತ್ತೇನೆ.

ಸಿಗಡಿ ಸತ್ತ ಮೇಲೆ ನಾನು ಒಂದು ವಾರ ತೊಟ್ಟಿಯನ್ನು ಮುಟ್ಟಲಿಲ್ಲ, ಅಳೆದೆ. ನೈಟ್ರೇಟ್ ಪರೀಕ್ಷೆಯ ಬಣ್ಣ ಪಟ್ಟಿಯ ಕೊನೆಯ ಮನೆಗೂ ಮೀರಿ ಕೆಂಪಾಗಿತ್ತು. ಕಡಲಿನ ಪಿಎಚ್ 8.1ರ ಆಚೀಚೆ, ತೊಟ್ಟಿಯದು 7.6. ಇಲ್ಲಿ ಎರಡನೆಯ ಬಲೆ ಇತ್ತು, ಮತ್ತು ಮೊದಲನೆಯದರಲ್ಲಿ ಬಿದ್ದಿದ್ದರಿಂದಲೇ ಇದರಿಂದ ತಪ್ಪಿಸಿಕೊಂಡೆ. ಹಳೆಯ ತೊಟ್ಟಿಯಲ್ಲಿ ಆಮ್ಲ ಹೆಚ್ಚುತ್ತ ಹೋಗಿ, ಅದನ್ನು ತಡೆಯುವ ಕ್ಷಾರತೆ ಕರಗಿರುತ್ತದೆ. ಬ್ಯಾಕ್ಟೀರಿಯಾಗಳ ಕೆಲಸವೂ ಮಂದವಾಗಿ ಒಂದಿಷ್ಟು ಅಮೋನಿಯಾ ಉಳಿದಿರುತ್ತದೆ. ಪಿಎಚ್ ಕಡಿಮೆಯಿರುವ ತನಕ ಅದರ ಬಹುಪಾಲು ಅಮೋನಿಯಂ ಎಂಬ, ಹೆಚ್ಚು ಹಾನಿಯಿಲ್ಲದ ರೂಪದಲ್ಲಿರುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷರೂಪದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಅಂದರೆ ಅರ್ಧ ತೊಟ್ಟಿ ನೀರು ಚೆಲ್ಲಿ, ಒಳ್ಳೆಯ ಹೊಸ ನೀರು ತುಂಬಿ, ಪಿಎಚ್ ಒಂದೇ ಸಲ ಏರಿಸಿದರೆ, ಅದುವರೆಗೆ ಮಲಗಿದ್ದ ವಿಷ ಎದ್ದು ಕೂರುತ್ತದೆ. ಶುದ್ಧ ನೀರು ಹಾಕಿದೆ, ಆದರೂ ಮೀನು ಸತ್ತಿತು ಎಂದು ಎಷ್ಟೋ ಜನ ಗೊಂದಲಪಡುವುದರ ಹಿಂದೆ ಇಂಥ ಲೆಕ್ಕವಿರುತ್ತದೆ.

ಆದ್ದರಿಂದ ಮಾಡಬೇಕಾದದ್ದು ಸಪ್ಪೆ ಕೆಲಸ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು, ನನ್ನ ತೊಟ್ಟಿಯಲ್ಲಿ ಹದಿನೈದು ಲೀಟರು, ತೆಗೆದು, ಹಿಂದಿನ ದಿನವೇ ಉಪ್ಪು ಕಲಸಿ ಗಾಳಿಯಾಡಿಸಿಟ್ಟ ನೀರನ್ನು ಅದೇ ಉಷ್ಣತೆಯಲ್ಲಿ ಸೇರಿಸುವುದು. ಹೀಗೆ ಹತ್ತು ವಾರ ಮಾಡಿದರೂ ಮೂರನೆಯ ಒಂದು ಭಾಗಕ್ಕಿಂತ ಕೊಂಚ ಹೆಚ್ಚೇ ಹಳೆಯ ನೀರು ಉಳಿದಿರುತ್ತದೆ. ಪಾಚಿಯನ್ನು ಕೈಯಿಂದ ಕಿತ್ತು ತೆಗೆಯುವುದು, ಆಹಾರವನ್ನು ಅರ್ಧಕ್ಕೆ ಇಳಿಸುವುದು, ದೀಪದ ಅವಧಿ ಕಡಿಮೆ ಮಾಡುವುದು. ನೊರೆಯೆಬ್ಬಿಸಿ ಕೊಳೆಯನ್ನು ಸೆಳೆಯುವ ಪ್ರೋಟೀನ್ ಸ್ಕಿಮ್ಮರಿನ ಬಟ್ಟಲನ್ನು ತೊಳೆಯುವುದು, ಏಕೆಂದರೆ ಅದರ ಕೊರಳಿಗೆ ಜಿಡ್ಡು ಕಟ್ಟಿದರೆ ನೊರೆ ಏರುವುದೇ ಇಲ್ಲ. ದಪ್ಪನಾದ ಹಳೆಯ ಮರಳನ್ನು ಕೆದಕದಿರುವುದು. ಅದರ ತಳದ ಕಪ್ಪು ಪದರದಲ್ಲಿ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಅಡಗಿರುತ್ತದೆ. ಸಾಗಿಸುವ ದಿನ ಕಲ್ಲುಗಳನ್ನು ಅದೇ ಉಪ್ಪುನೀರಿನಲ್ಲಿ ಮುಳುಗಿಸಿಟ್ಟು ತರುವುದು, ಮೀನಿನ ಬಕೆಟ್ಟಿಗೆ ಬ್ಯಾಟರಿಯ ಗಾಳಿಪಂಪು ಇಡುವುದು. ಇದರಲ್ಲಿ ಯಾವುದಕ್ಕೂ ವಿದ್ವತ್ತು ಬೇಡ. ಒಂದು ನೋಟುಪುಸ್ತಕ ಬೇಕು, ಮತ್ತು ಇಂದು ಏನೂ ಮಾಡಬೇಕಾಗಿಲ್ಲ ಎಂದು ಬರೆದು ಎದ್ದು ಹೋಗುವ ಸಂಯಮ ಬೇಕು.

ಆ ಸಂಯಮವನ್ನು ಕೆಡಿಸಲು ಮಾರುಕಟ್ಟೆ ಸದಾ ಸಿದ್ಧ. ಪಾಚಿಗೆ ಒಂದು ಸೀಸೆ, ಕೆಂಪು ಲೋಳೆಗೆ ಒಂದು ಸೀಸೆ, ನೀರು ತಿಳಿಯಾಗಲು ಮತ್ತೊಂದು. ಪಾಚಿ ರೋಗವಲ್ಲ; ನೀರಿನಲ್ಲಿ ಗೊಬ್ಬರ ಹೆಚ್ಚಿದೆ ಎಂಬ ಸುದ್ದಿ. ಸುದ್ದಿ ತಂದವನನ್ನು ಹೊಡೆದರೆ ಗೊಬ್ಬರ ಕಡಿಮೆಯಾಗುವುದಿಲ್ಲ. ಒಮ್ಮೆಗೇ ಸತ್ತ ಪಾಚಿ ಕೊಳೆತು ಅದೇ ಗೊಬ್ಬರವನ್ನು ಮರಳಿ ನೀರಿಗೆ ಬಿಡುತ್ತದೆ. ನನ್ನ ಕಲ್ಲುಗಳ ಮೇಲೆ ಐಪ್ಟೇಸಿಯಾ ಎಂಬ ಕಂದು ಹೂವಿನಂಥ ಪುಟ್ಟ ಪ್ರಾಣಿಗಳಿದ್ದವು. ಅವುಗಳ ಕುಟುಕು ನೆರೆಯ ಜೀವಿಗಳಿಗೆ ಕಂಟಕ. ರೋಸಿಹೋಗಿ ಒಂದನ್ನು ಚಿಮಟದಿಂದ ಹರಿದೆ. ಹರಿದ ಚೂರುಗಳಿಂದ ಮೂರು ವಾರದಲ್ಲಿ ಐದು ಹುಟ್ಟಿದವು. ಬಲಪ್ರಯೋಗಕ್ಕೆ ಇಷ್ಟು ಸ್ಪಷ್ಟವಾದ ಉತ್ತರವನ್ನು ನಾನು ಬೇರೆಲ್ಲೂ ಪಡೆದಿಲ್ಲ.

ಈಗ ಬಲವಾದ ಆಕ್ಷೇಪಕ್ಕೆ ಬರುತ್ತೇನೆ. ಕಡಲಿನ ಜೀವಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದೇ ತಪ್ಪಲ್ಲವೇ? ತಪ್ಪನ್ನು ಚೆನ್ನಾಗಿ ಮಾಡುವುದು ಹೇಗೆಂದು ಹೇಳಿಕೊಡುವುದು ಎಂಥ ಧರ್ಮ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಇದಕ್ಕೆ ನೂರೈವತ್ತು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆದದ್ದು 1853ರಲ್ಲಿ. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞ ಈ ವಿಷಯದ ಮೇಲೆ 'ದಿ ಅಕ್ವೇರಿಯಂ' ಎಂಬ ಸುಂದರ ಪುಸ್ತಕ ಬರೆದ. ಅವನು ಕಡಲನ್ನು ನಿಜವಾಗಿ ಪ್ರೀತಿಸಿದವನು. ಅವನ ಬರಹಗಳನ್ನು ಓದಿದ ಇಂಗ್ಲೆಂಡಿನ ಮಧ್ಯಮವರ್ಗ ಬುಟ್ಟಿ ಜಾಡಿಗಳನ್ನು ಹಿಡಿದು ತೀರಕ್ಕೆ ನುಗ್ಗಿತು. ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ 'ಫಾದರ್ ಅಂಡ್ ಸನ್' ಎಂಬ ಆತ್ಮಕಥನದಲ್ಲಿ, ತಾನು ಬಾಲ್ಯದಲ್ಲಿ ಕಂಡ ಬಂಡೆಗುಂಡಿಗಳ ಆ ಜೀವವೈಭವ ಸಂಗ್ರಾಹಕರ ಕೈಯಲ್ಲಿ ಹಾಳಾಗಿಹೋಯಿತೆಂದೂ, ತಂದೆಯ ಬರಹವೇ ತನಗರಿವಿಲ್ಲದೆ ಅದಕ್ಕೆ ಕಾರಣವಾಯಿತೆಂದೂ ವಿಷಾದದಿಂದ ನೆನೆಯುತ್ತಾನೆ. ಬರೆಯುವವರು ಈ ಎಚ್ಚರಿಕೆಯನ್ನು ಮರೆಯಕೂಡದು. ನನ್ನ ಲೇಖನವನ್ನು ಓದಿ ಯಾರಾದರೂ ಹೊಸ ಮೀನು ಕೊಳ್ಳಲು ಅಂಗಡಿಗೆ ಹೋದರೆ ನಾನು ಬರೆದದ್ದು ವ್ಯರ್ಥ.

ಆದ್ದರಿಂದಲೇ ನನ್ನ ವಾದ ಕೊಳ್ಳುವುದರ ಪರ ಅಲ್ಲ, ವಹಿಸಿಕೊಳ್ಳುವುದರ ಪರ. ಈಗಾಗಲೇ ಕಡಲಿನಿಂದ ಹೊರಗೆ ಬಂದಿರುವ ಮೀನು ಎಲ್ಲಿಗೆ ಹೋಗಬೇಕು? ಸಮುದ್ರಕ್ಕೆ ಬಿಡಿ ಎನ್ನುವ ದಯಾಳುಗಳಿಗೆ ಎರಡು ಸಂಗತಿಗಳನ್ನು ನೆನಪಿಸಬೇಕು. 1984ರಲ್ಲಿ ಮೊನಾಕೋದ ಸಾಗರ ವಸ್ತುಸಂಗ್ರಹಾಲಯದ ಬುಡದಲ್ಲಿ ಕಾಣಿಸಿಕೊಂಡ ಕಾಲರ್ಪಾ ಎಂಬ ಅಕ್ವೇರಿಯಂ ಪಾಚಿ ಮುಂದೆ ಮೆಡಿಟರೇನಿಯನ್ನಿನ ತಳದಲ್ಲಿ ವಿಸ್ತಾರವಾಗಿ ಹರಡಿತು. ನಮ್ಮ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕಡೆಯ ಸಿಂಹಮೀನು ಇಂದು ಅಟ್ಲಾಂಟಿಕ್ಕಿನ ಪಶ್ಚಿಮ ಭಾಗದಲ್ಲಿ ಅಲ್ಲಿನ ಮೀನುಗಳ ಪಾಲಿಗೆ ದೊಡ್ಡ ಪಿಡುಗು. ಮನೆಗಳ ತೊಟ್ಟಿಯಿಂದ ಬಿಟ್ಟ ಮೀನುಗಳೇ ಅದರ ಮೂಲವೆಂದು ಬಹುಮಟ್ಟಿಗೆ ಒಪ್ಪಲಾಗಿದೆ. ಹವಳದ ಮೀನನ್ನು ಜುಹುವಿನ ಕೆಸರುನೀರಿಗೆ ಬಿಟ್ಟರೆ ಅದು ಬದುಕುವುದೂ ಇಲ್ಲ. ತೊಟ್ಟಿಯ ರೋಗವನ್ನು ಹೊರಗಿನವಕ್ಕೆ ದಾಟಿಸಿ ಸಾಯಬಹುದು. ಅದರಿಂದ ಪುಣ್ಯವೇನೂ ಬರುವುದಿಲ್ಲ, ಕಣ್ಣಿಗೆ ಕಾಣದಂತೆ ಕೊಂದ ಸಮಾಧಾನ ಮಾತ್ರ ಸಿಗುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು, ಏಕೆಂದರೆ ಹೊಸಬರನ್ನು ಈ ವಿಷಯದಲ್ಲಿ ಕತ್ತಲಲ್ಲಿಡಲಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಬಂಡೆಹವಳಗಳು, ಸಮುದ್ರ ಬೀಸಣಿಗೆಗಳು, ಕಡಲಕುದುರೆಗಳು, ಕಡಲ ಸೌತೆಗಳು ಸೇರಿದವು. ಹುಲಿಗೆ ಇರುವ ರಕ್ಷಣೆ ಹವಳಕ್ಕೂ ಉಂಟು. ಹಾಗಿದ್ದೂ ನಮ್ಮ ಕಡಲಿನಿಂದ ಕಿತ್ತ ಹವಳದ ತುಂಡನ್ನು ಅಲಂಕಾರದ ಕಲ್ಲೆಂದು ತೂಗಿ ಮಾರುವವರಿದ್ದಾರೆ, ಕೇಳದೆ ಕೊಳ್ಳುವವರೂ ಇದ್ದಾರೆ. ಇನ್ನೊಂದು ಕಡೆ, ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನಿನ ಹಲವು ಜಾತಿಗಳನ್ನು ತೊಟ್ಟಿಯಲ್ಲಿಯೇ ಮೊಟ್ಟೆಯಿಡಿಸಿ ಮರಿ ಬೆಳೆಸುವ ವಿಧಾನವನ್ನು ರೂಪಿಸಿ ಬಹುಕಾಲವಾಯಿತು. ಒಂದು ವರ್ಷ ಕಳೆದ ಮೇಲೂ ಮೀನು ಬೇಕೆನಿಸಿದರೆ, ಇದು ಎಲ್ಲಿ ಹುಟ್ಟಿದ್ದು ಎಂದು ಕೇಳುವ ಹಕ್ಕು ಮತ್ತು ಹೊಣೆ ಕೊಳ್ಳುವವನದು. ಉತ್ತರ ಸಿಗದಿದ್ದರೆ ಬರಿಗೈಯಲ್ಲಿ ಮರಳಬೇಕು.

ಖರ್ಚಿನ ಆಕ್ಷೇಪ ಉಳಿದಿದೆ. ಹಳೆಯ ತೊಟ್ಟಿ ಅಗ್ಗವೆಂದು ಕೊಳ್ಳುವವರು ದಯವಿಟ್ಟು ಕೊಳ್ಳಬೇಡಿ. ನಾನು ತೊಟ್ಟಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಮೊದಲ ವರ್ಷವೇ ಉಪ್ಪು, ಪರೀಕ್ಷಾ ಕಿಟ್ಟು, ರಿಫ್ರಾಕ್ಟೋಮೀಟರು, ಶುದ್ಧನೀರಿನ ಫಿಲ್ಟರು, ಹೊಸ ಪಂಪುಗಳಿಗೆ ಹೋಯಿತು. ಮೇ ತಿಂಗಳಲ್ಲಿ ನೀರು ಮೂವತ್ತು ಡಿಗ್ರಿ ದಾಟುತ್ತದೆ. ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ. ಫ್ಯಾನು ಹಚ್ಚಿದರೆ ನೀರು ಇಳಿಯುವ ವೇಗ ಇಮ್ಮಡಿ. ರಜೆಗೆ ಊರಿಗೆ ಹೋಗುವುದು ಸುಲಭವಲ್ಲ. ಕ್ಲೌನ್ ಮೀನು ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬದುಕಬಲ್ಲುದು. ನಮ್ಮಲ್ಲಿ ಎಷ್ಟು ಮಂದಿ ಒಂದೇ ಮನೆಯಲ್ಲಿ ಇಪ್ಪತ್ತು ವರ್ಷ ಇರುತ್ತೇವೆ? ಈ ಲೆಕ್ಕವನ್ನು ಮೊದಲು ಮಾಡಿದವರು ಬಹುಶಃ ತೊಟ್ಟಿಯನ್ನೇ ತರುವುದಿಲ್ಲ. ಅದೂ ಒಳ್ಳೆಯ ನಿರ್ಧಾರವೇ. ವಾಸ್ತುವಿನ ಹೆಸರಿನಲ್ಲಿ, ಈಶಾನ್ಯಕ್ಕೆ ನೀರಿರಲಿ ಎಂದು ತೊಟ್ಟಿ ತರುವವರಂತೂ ಅಲ್ಲಿ ಒಂದು ತಾಮ್ರದ ಕೊಡ ಇಟ್ಟುಕೊಳ್ಳಲಿ. ಕೊಡಕ್ಕೆ ಹಸಿವಾಗುವುದಿಲ್ಲ.

ವ್ಯಕ್ತಿಗಳು ಹಾಗಿರಲಿ, ಸರಕಾರದ ಮಾತೇನು? ಮರೀನ್ ಡ್ರೈವಿನ ತಾರಾಪೋರ್‌ವಾಲಾ ಅಕ್ವೇರಿಯಂ 1951ರಲ್ಲಿ ತೆರೆದದ್ದು. ಮುಂಬಯಿಗೆ ಬಂದ ನಮ್ಮ ತಲೆಮಾರಿನ ಎಷ್ಟೋ ಕನ್ನಡಿಗರು ಊರಿನಿಂದ ಬಂದ ನೆಂಟರನ್ನು ಮೊದಲು ಕರೆದೊಯ್ದದ್ದು ಅಲ್ಲಿಗೆ. ಅದು ಹಳತಾಯಿತು, ಮುಚ್ಚಿತು, ನವೀಕರಣಗೊಂಡು 2015ರಲ್ಲಿ ಹೊಸ ದೀಪ ಹೊಸ ಗಾಜುಗಳೊಂದಿಗೆ ತೆರೆಯಿತು, ಕೋವಿಡ್ ಕಾಲದಲ್ಲಿ ಮತ್ತೆ ಮುಚ್ಚಿತು. ಉದ್ಘಾಟನೆಗೆ ಹಣವೂ ಅತಿಥಿಗಳೂ ಸಿಗುತ್ತಾರೆ. ಪ್ರತಿ ವಾರ ಹತ್ತರಲ್ಲೊಂದು ಪಾಲು ನೀರು ಬದಲಿಸುವ ಕೆಲಸಕ್ಕೆ ರಿಬ್ಬನ್ ಕತ್ತರಿಸುವವರು ಬರುವುದಿಲ್ಲ. ದೇವಸ್ಥಾನವಾಗಲಿ, ಸಂಘದ ಗ್ರಂಥಾಲಯವಾಗಲಿ, ಮೀನಿನ ತೊಟ್ಟಿಯಾಗಲಿ ಹಾಳಾಗುವುದು ಈ ವಾರದ ಕೆಲಸವನ್ನು ಮುಂದಿನ ವಾರಕ್ಕೆ ತಳ್ಳಿದ್ದರಿಂದ. ಅದು ಮೇಲೇಳುವುದೂ ವಾರ ತಪ್ಪದ ಕೆಲಸದಿಂದಲೇ.

ಮಾರುವವರಲ್ಲಿ ನನ್ನದೊಂದು ಬೇಡಿಕೆ. ಮೀನುಗಳನ್ನು ಉಚಿತವೆಂದು ಬರೆಯಬೇಡಿ. ಬೇಕಾದರೆ ಗಾಜನ್ನು ಉಚಿತವಾಗಿ ಕೊಡಿ, ಮೀನಿಗೆ ಬೆಲೆ ಇಡಿ. ಬೆಲೆ ಕೊಟ್ಟವನು ಒಮ್ಮೆಯಾದರೂ ಯೋಚಿಸುತ್ತಾನೆ. ತೊಟ್ಟಿ ಯಾವಾಗ ಇಟ್ಟದ್ದು, ನೀರು ಕೊನೆಯ ಬಾರಿ ಬದಲಿಸಿದ್ದು ಎಂದು, ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧ ಹಾಕಿದ್ದುಂಟೇ ಎಂದು ನಿಜ ಹೇಳಿ. ಆ ತಾಮ್ರ ಕಲ್ಲಿಗೆ ಹಿಡಿದು ಉಳಿದು, ಮುಂದೆಂದೋ ತಂದ ಸಿಗಡಿ ಬಸವನಹುಳುಗಳನ್ನು ಕೊಲ್ಲಬಲ್ಲುದು. ನಾಚಿಕೆಯಿಂದ ಮುಚ್ಚಿಟ್ಟ ಒಂದು ಮಾತಿಗೆ ಬೇರೆ ಜೀವ ದಂಡ ತೆರುತ್ತದೆ. ಕೊಳ್ಳುವವರೂ ಕೇಳುವಾಗ ತೀರ್ಪುಗಾರರಂತೆ ಕೇಳಬಾರದು. ನನ್ನ ನೆರೆಯವರ ತಪ್ಪು ವರ್ಷಗಳದ್ದು, ನನ್ನದು ಎರಡು ಗಂಟೆಯದು. ಯಾವುದು ಹೆಚ್ಚೆಂದು ಹೇಳುವ ಅರ್ಹತೆ ನನಗಿಲ್ಲ.

ಈಗ ತೊಟ್ಟಿ ಹೇಗಿದೆ ಎಂದು ಕೇಳುವವರಿದ್ದಾರೆ. ಅಂಗಡಿಯ ಚಿತ್ರಗಳಂತೆ ಇಲ್ಲ. ಹಿಂಬದಿಯ ಗಾಜಿನಲ್ಲಿ ಈಗಲೂ ಪಾಚಿಯಿದೆ, ಐಪ್ಟೇಸಿಯಾ ನಾಲ್ಕಾರು ಉಳಿದಿವೆ. ಐದು ತಿಂಗಳ ಕೊನೆಗೆ ನೈಟ್ರೇಟ್ ಪಟ್ಟಿಯ ನಡುಮನೆಗೆ ಇಳಿಯಿತು. ಕಲ್ಲುಗಳ ಮೇಲೆ ನೇರಳೆ ಬಣ್ಣದ ಸುಣ್ಣಪಾಚಿ, ಯಾರೂ ತಂದು ಹಾಕದಿದ್ದರೂ, ಕಾಸಿನಗಲ ಕಾಸಿನಗಲವಾಗಿ ಹರಡಿತು. ಡ್ಯಾಮ್ಸೆಲ್ ಕೈ ಹಾಕಿದರೆ ಕಚ್ಚಲು ಬರುತ್ತದೆ. ದೊಡ್ಡ ಕ್ಲೌನ್ ಮೀನು ಹೆಣ್ಣು, ಚಿಕ್ಕದು ಗಂಡು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುವ ಜಾತಿ ಅದು. ಸಿಗಡಿಯ ಜಾಗ ಖಾಲಿಯಿದೆ. ವರ್ಷ ಕಳೆದರೂ ಅದನ್ನು ತುಂಬಿಲ್ಲ.

ಇನ್ನು ನಾಲ್ಕು ವರ್ಷಕ್ಕೆ ನಾನೂ ನಿವೃತ್ತನಾಗಿ ಊರಿಗೆ ಹೊರಡುವವನು. ತೊಟ್ಟಿಯನ್ನು ಅಲ್ಲಿಗೆ ಸಾಗಿಸಲಾಗದು. ಹನ್ನೆರಡು ಹದಿಮೂರು ಗಂಟೆಯ ಹ‌ಾದಿ, ಮಳೆಗಾಲದ ಕರೆಂಟು. ಆಗ ಜಾಹೀರಾತು ಬರೆಯುವ ಸರದಿ ನನ್ನದು. ಈ ಲೇಖನದಲ್ಲಿ ಬೇರೆಯವರಿಗೆ ಹೇಳಿದ್ದನ್ನೆಲ್ಲ ನಾನು ಪಾಲಿಸಬೇಕಾದ ದಿನ ಅದು. ಅದಕ್ಕಾಗಿ ಒಬ್ಬರನ್ನು ಈಗಿನಿಂದಲೇ ಹುಡುಕುತ್ತಿದ್ದೇನೆ. ಮೇಲಿನ ಮಹಡಿಯ ಹುಡುಗಿಯೊಬ್ಬಳು ಭಾನುವಾರ ನೀರು ಬದಲಿಸುವಾಗ ಬಂದು ಬಕೆಟ್ಟು ಹಿಡಿಯುತ್ತಾಳೆ. ವಾರದ ಅಳತೆಗಳನ್ನು ನೋಟುಪುಸ್ತಕದಲ್ಲಿ ಬರೆಯುವುದು ಈಗ ಅವಳ ಕೆಲಸ. ಆ ಪುಸ್ತಕದ ಮೊದಲ ಪುಟದಲ್ಲಿ ಸಿಗಡಿ ಸತ್ತ ದಿನದ ಎರಡು ಸಂಖ್ಯೆಗಳಿವೆ, 1.032 ಮತ್ತು 1.025, ನಡುವೆ ಹಿಡಿದ ಸಮಯ ಎರಡು ಗಂಟೆ. ಇದು ಯಾಕೆ ಇಷ್ಟು ಬೇಗ ಇಳಿಯಿತು ಅಂಕಲ್ ಎಂದು ಅವಳು ಒಮ್ಮೆ ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.